ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ ವ್ಯರ್ಥ ತಗ್ಗಿಸುವುದು ಹೇಗೆ: ತೂಕದ ಯಂತ್ರದಿಂದ ಕಾಂಪೋಸ್ಟ್ ರಾಶಿಯವರೆಗೆ

ಕ್ಯಾಂಪಸ್ಸಿನ ಊಟದ ವ್ಯವಸ್ಥೆಯನ್ನು ಪರಿಸರಕ್ಕೆ ಹಗುರವಾಗಿಸಲು ಹೊರಟವರು ಸಾಮಾನ್ಯವಾಗಿ ಕಾಂಪೋಸ್ಟ್ ಘಟಕದಿಂದಲೋ ಪ್ಲಾಸ್ಟಿಕ್ ಲೋಟದ ನಿಷೇಧದಿಂದಲೋ ಆರಂಭಿಸುತ್ತಾರೆ. ಎರಡೂ ಬೇಕು, ಆದರೆ ಅವುಗಳ ಸರದಿ ಕೊನೆಗೆ. ಒಂದು ಕಿಲೋ ಅನ್ನ ಗೊಬ್ಬರವಾದ ಮಾತ್ರಕ್ಕೆ ಅದನ್ನು ಬೆಳೆಯಲು ಹೋದ ನೀರು, ಸಾಗಿಸಲು ಸುಟ್ಟ ಡೀಸೆಲ್, ಬೇಯಿಸಲು ಉರಿದ ಗ್ಯಾಸ್ ಯಾವುದೂ ಮರಳುವುದಿಲ್ಲ. ಎಷ್ಟು ಜನಕ್ಕೆ ಬೇಯಿಸಬೇಕು, ಏನು ಬೇಯಿಸಬೇಕು, ಯಾವ ಸೌಟಿನಲ್ಲಿ ಬಡಿಸಬೇಕು ಎಂಬ ಮೂರು ತೀರ್ಮಾನಗಳಲ್ಲೇ ಊಟದ ಹಾಲ್‌ನ ಹೊರೆಯ ದೊಡ್ಡ ಪಾಲು ನಿರ್ಧಾರವಾಗಿರುತ್ತದೆ. ಈ ಮಾರ್ಗದರ್ಶಿ ಅಲ್ಲಿಂದಲೇ ಶುರುವಾಗುತ್ತದೆ.

ಸಮಸ್ಯೆಯ ಗಾತ್ರ ಸಣ್ಣದಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಮನೆ, ಅಂಗಡಿ ಮತ್ತು ಹೋಟೆಲ್-ಕ್ಯಾಂಟೀನ್‌ಗಳಲ್ಲಿ ಒಟ್ಟು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ. 28 ಹೋಟೆಲ್, ಕ್ಯಾಂಟೀನ್, ಮೆಸ್‌ಗಳಂಥ ಕಡೆಯದು. ಮನೆಗಳಲ್ಲಿ ಕೋಟ್ಯಂತರ ಜನರ ಅಭ್ಯಾಸ ಬದಲಾಗಬೇಕು. ಕ್ಯಾಂಪಸ್ಸಿನಲ್ಲಾದರೋ ಒಂದು ಅಡುಗೆಮನೆ ಬದಲಾದರೆ ಸಾವಿರಾರು ತಟ್ಟೆಗಳು ಬದಲಾಗುತ್ತವೆ.

ಮೊದಲ ಹೆಜ್ಜೆ: ಎರಡು ವಾರ ತೂಗಿ, ಏನನ್ನೂ ಬದಲಿಸಬೇಡಿ

ಬೇಕಾದದ್ದು ಇಷ್ಟು: 100 ಕಿಲೋವರೆಗೆ ತೂಗುವ ಒಂದು ನೆಲದ ತೂಕದ ಯಂತ್ರ, ಬೇರೆ ಬೇರೆ ಬಣ್ಣದ ನಾಲ್ಕು ಡ್ರಮ್, ದೊಡ್ಡ ಜರಡಿ, ಗೋಡೆಗೆ ತೂಗುಹಾಕಿದ ದಾಖಲೆ ಹಾಳೆ, ದಾರ ಕಟ್ಟಿದ ಪೆನ್ನು. ಪ್ರತಿ ಡ್ರಮ್ಮಿನ ಖಾಲಿ ತೂಕವನ್ನು ಅದರ ಮೈಮೇಲೆ ಬಣ್ಣದಲ್ಲಿ ಬರೆಯಿಸಿ. ಇದನ್ನು ಮರೆತರೆ ಎರಡು ವಾರದ ಲೆಕ್ಕದಲ್ಲಿ ಡ್ರಮ್ಮಿನ ತೂಕವೂ ಸೇರಿಹೋಗುತ್ತದೆ.

ನಾಲ್ಕು ಡ್ರಮ್ ಯಾಕೆಂದರೆ ನಾಲ್ಕು ಬಗೆಯ ವ್ಯರ್ಥಕ್ಕೂ ಕಾರಣ ಬೇರೆ, ಮದ್ದೂ ಬೇರೆ:

- ಸ್ಟೋರಿನಲ್ಲೇ ಕೊಳೆತದ್ದು, ಅವಧಿ ಮೀರಿದ್ದು. ಇದು ಖರೀದಿಯ ತಪ್ಪು.
- ಹೆಚ್ಚುವಾಗ, ಸುಲಿಯುವಾಗ ಬಿದ್ದದ್ದು. ಚಾಕು, ತರಬೇತಿ ಮತ್ತು ತರಕಾರಿಯ ಗುಣಮಟ್ಟಕ್ಕೆ ಸೇರಿದ್ದು.
- ಬೇಯಿಸಿ, ಬಡಿಸದೆ ಮಿಕ್ಕಿದ್ದು. ಇದು ಅಂದಾಜಿನ ತಪ್ಪು.
- ತಟ್ಟೆಯಲ್ಲಿ ಬಿಟ್ಟ ಎಂಜಲು. ಬಡಿಸುವ ಪ್ರಮಾಣ, ರುಚಿ, ಆತುರ ಮೂರರಲ್ಲಿ ಒಂದು.

ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದು ಒಟ್ಟು ತೂಕ ಬರೆದರೆ ಸಿಗುವ ಅಂಕಿಯಿಂದ ಯಾರಿಗೂ ಏನೂ ಮಾಡಲು ಬರುವುದಿಲ್ಲ. ಮೂಳೆ, ಬಾಳೆಸಿಪ್ಪೆ, ಚಹಾ ಚರಟದಂಥ ತಿನ್ನಲಾಗದ ಭಾಗವನ್ನು ಪ್ರತ್ಯೇಕ ಬಕೆಟ್ಟಿಗೆ ಹಾಕಿಸಿ. ಸಾರು, ಮಜ್ಜಿಗೆ, ನೀರನ್ನು ಜರಡಿಯಲ್ಲಿ ಬಸಿದು ತೂಗಿಸಿ. ಬಸಿಯದಿದ್ದರೆ ಒಂದು ಲೀಟರ್ ನೀರು ಒಂದು ಕಿಲೋ ಆಹಾರದ ವೇಷದಲ್ಲಿ ಲೆಕ್ಕಕ್ಕೆ ಬರುತ್ತದೆ.

ಅವಧಿ ಎರಡು ವಾರವಾದರೂ ಇರಲಿ, ಮೆನು ಒಂದು ಸುತ್ತು ಪೂರ್ತಿ ಬರಲಿ. ಪರೀಕ್ಷೆಯ ವಾರ, ರಜೆಗೆ ಹತ್ತಿರದ ವಾರ ಬೇಡ. ಈ ಹಂತದಲ್ಲಿ ಊಟ ಮಾಡುವವರಿಗೆ ಪ್ರಚಾರ ಮಾಡಬೇಡಿ. ಯಾರೋ ತೂಗುತ್ತಿದ್ದಾರೆ ಎಂದು ಗೊತ್ತಾದರೆ ತಟ್ಟೆ ಖಾಲಿಯಾಗುತ್ತದೆ, ನಿಜವಾದ ಚಿತ್ರ ಸಿಗುವುದಿಲ್ಲ. ಅಡುಗೆಯವರಿಗೆ ಮಾತ್ರ ಮೊದಲ ದಿನವೇ ಸ್ಪಷ್ಟವಾಗಿ ಹೇಳಬೇಕು: ಈ ಅಂಕಿಗಳಿಂದ ಯಾರ ಮೇಲೂ ಕ್ರಮವಿಲ್ಲ, ಯಾರ ಸಂಬಳವೂ ಕಡಿತವಾಗುವುದಿಲ್ಲ. ಆ ಭರವಸೆ ಇಲ್ಲದ ಕಡೆ ಮಿಕ್ಕಿದ್ದು ಡ್ರಮ್ಮಿಗೆ ಬರುವ ಬದಲು ಚರಂಡಿಗೆ ಹೋಗುತ್ತದೆ. ಹಾಲ್ ಮುಚ್ಚುವ ಕೊನೆಯ ಅರ್ಧ ಗಂಟೆಯಲ್ಲಿ ಇದು ಹೆಚ್ಚು. ಆ ಹೊತ್ತಿಗೆ ಒಬ್ಬರನ್ನು ತೂಕದ ಬಳಿಯೇ ನಿಲ್ಲಿಸಿ, ಅವರಿಗೆ ಬೇರೆ ಕೆಲಸ ಕೊಡಬೇಡಿ.

ಪ್ರತಿ ಊಟದ ನಂತರ ತೂಕವನ್ನು ಉಂಡವರ ಸಂಖ್ಯೆಯಿಂದ ಭಾಗಿಸಿ. ಮಧ್ಯಾಹ್ನ 640 ಜನ ಉಂಡು, ಎಂಜಲು 51.2 ಕಿಲೋ ಬಂದಿದ್ದರೆ ತಲಾ 80 ಗ್ರಾಂ. ಮಿಕ್ಕಿದ್ದು 38.4 ಕಿಲೋ ಇದ್ದರೆ ತಲಾ 60 ಗ್ರಾಂ. ಮುಂದೆ ಹೋಲಿಸಬೇಕಾದದ್ದು ಈ ತಲಾ ಗ್ರಾಂ ಮಾತ್ರ. ಒಟ್ಟು ಕಿಲೋ ಕಡಿಮೆಯಾಗಿದ್ದಕ್ಕೆ ಆ ದಿನ ಜನ ಕಡಿಮೆ ಬಂದದ್ದೇ ಕಾರಣವಾಗಿರಬಹುದು. ವಾರಕ್ಕೊಮ್ಮೆ ನೂರು ತಟ್ಟೆಯ ಎಂಜಲನ್ನು ಪದಾರ್ಥವಾರು ಬೇರ್ಪಡಿಸಿ ತೂಗಿಸಿ. ಗಲೀಜಿನ ಕೆಲಸವೇ, ಆದರೆ ಇಷ್ಟು ಮಾಹಿತಿ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ಪ್ರತಿದಿನವೂ ಅನ್ನವೇ ಉಳಿದರೆ ಸೌಟು ದೊಡ್ಡದಾಗಿದೆ. ಒಂದು ಪಲ್ಯ ಮಾತ್ರ ಉಳಿದರೆ ಅದರ ರುಚಿಯಲ್ಲೋ ಹದದಲ್ಲೋ ದೋಷವಿದೆ.

ಎರಡನೆಯ ಹೆಜ್ಜೆ: ತಲೆಯ ಲೆಕ್ಕ ಸರಿಪಡಿಸಿ

ಹೆಚ್ಚು ಲಾಭ ಕೊಡುವ ಹೆಜ್ಜೆ ಇದು. ಇದಕ್ಕೆ ಹೊಸ ಯಂತ್ರವೂ ಬೇಡ, ದುಡ್ಡೂ ಬೇಡ. ಬಹಳಷ್ಟು ಅಡುಗೆಮನೆಗಳು ನೋಂದಾಯಿತರ ಸಂಖ್ಯೆಗೆ ಬೇಯಿಸುತ್ತವೆ, ಬಂದು ಉಣ್ಣುವವರ ಸಂಖ್ಯೆಗೆ ಅಲ್ಲ.

ಪ್ರತಿ ಊಟದ ಹಾಜರಿಯನ್ನು ವಾರದ ದಿನದ ಪ್ರಕಾರ ಬರೆದಿಡಿ. ಬುಧವಾರ ಮಧ್ಯಾಹ್ನಕ್ಕೆ ಅಂದಾಜು ಬೇಕಿದ್ದರೆ ಹಿಂದಿನ ಐದು ಬುಧವಾರಗಳನ್ನು ನೋಡಿ. 612, 598, 640, 605, 421 ಎಂದಿಟ್ಟುಕೊಳ್ಳಿ. ಸರಾಸರಿ ತೆಗೆದರೆ 575 ಬರುತ್ತದೆ. ಯಾವುದೋ ಕಾರಣಕ್ಕೆ ಜನ ಬಾರದ ಒಂದೇ ದಿನ ಅದನ್ನು ಕೆಳಗೆಳೆದಿದೆ. 575ಕ್ಕೆ ಬೇಯಿಸಿದರೆ ಊಟ ಸಾಲದೆ ಬರುತ್ತದೆ, ಮರುವಾರ ಅಡುಗೆಯವರು ಭಯಕ್ಕೆ ನೂರು ಪಾಲು ಹೆಚ್ಚಿಗೆ ಮಾಡುತ್ತಾರೆ. ಬದಲಿಗೆ ಐದನ್ನೂ ಏರಿಕೆಯ ಕ್ರಮದಲ್ಲಿ ಬರೆದು ನಡುವಿನ ಸಂಖ್ಯೆ ತೆಗೆದುಕೊಳ್ಳಿ. ಇಲ್ಲಿ ಅದು 605. ಅದಕ್ಕೆ ಶೇ. 4 ಕೂಡಿಸಿ, 629 ಆಗುತ್ತದೆ. ಪರೀಕ್ಷೆ, ಕ್ರೀಡಾಕೂಟ, ಸಂಬಳದ ದಿನ, ಜೋರು ಮಳೆ ಇವನ್ನು ಹಾಳೆಯ ಅಂಚಿನಲ್ಲಿ ಗುರುತು ಹಾಕುತ್ತಾ ಬನ್ನಿ. ಒಂದು ಶೈಕ್ಷಣಿಕ ಅವಧಿ ಮುಗಿಯುವಷ್ಟರಲ್ಲಿ ಯಾವುದರ ಪರಿಣಾಮ ಎಷ್ಟು ಎಂದು ತಾನಾಗಿ ತಿಳಿಯುತ್ತದೆ.

ಇನ್ನು ಪದಾರ್ಥದ ಲೆಕ್ಕ. ಒಂದು ಪದಾರ್ಥವನ್ನು ಶೇ. 45 ಜನ ಆರಿಸುತ್ತಾರೆ, ಒಂದು ಪಾಲು 180 ಗ್ರಾಂ ಎಂದಾದರೆ 629 ಜನಕ್ಕೆ 283 ಪಾಲು, ಅಂದರೆ ಸುಮಾರು 51 ಕಿಲೋ ಬೇಕು. ಅಷ್ಟನ್ನೂ ಒಮ್ಮೆಲೇ ಬೇಯಿಸಬೇಡಿ. ಬಾಗಿಲು ತೆರೆಯುವಾಗ 36 ಕಿಲೋ ಸಿದ್ಧವಿರಲಿ. ಜನಸಂದಣಿ ಅರ್ಧ ಕರಗಿದಾಗ ಇನ್ನೊಂದು ಒಬ್ಬೆ 10 ಕಿಲೋ. ಉಳಿದ 5 ಕಿಲೋದ ಸಾಮಾನು ಹೆಚ್ಚಿ, ತೊಳೆದು, ಫ್ರಿಜ್ಜಿನಲ್ಲಿ ಕಾದಿರಲಿ. ಸಾಲು ಕಂಡರೆ ಮಾತ್ರ ಅದು ಒಲೆಯ ಮೇಲೆ ಹೋಗಲಿ. ಬೇಯಿಸದ ತರಕಾರಿ ನಾಳೆಗೆ ಬರುತ್ತದೆ. ಬೇಯಿಸಿ ಕೌಂಟರಿನಲ್ಲಿ ಇಟ್ಟದ್ದು ಬರುವುದಿಲ್ಲ.

ಅಡುಗೆಯವರು ಹೆಚ್ಚಿಗೆ ಬೇಯಿಸುವುದು ಅಜಾಗರೂಕತೆಯಿಂದಲ್ಲ. ಊಟ ಸಾಲದೆ ಬಂದರೆ ಬೈಸಿಕೊಳ್ಳುವವರು ಅವರು, ಮಿಕ್ಕಿದರೆ ಕೇಳುವವರಿಲ್ಲ. ಈ ಅಸಮತೋಲನ ಸರಿಯಾಗದೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಆದ್ದರಿಂದ ಆಡಳಿತ ಎರಡು ಕೆಲಸ ಮಾಡಬೇಕು. ಕೊನೆಯ 20 ನಿಮಿಷದಲ್ಲಿ ಒಂದು ಪದಾರ್ಥ ಮುಗಿದುಹೋದರೆ ಅದು ತಪ್ಪಲ್ಲ ಎಂದು ಲಿಖಿತವಾಗಿ ಕೊಡಬೇಕು. ಒಣ ಅಥವಾ ಶೀತಲ ದಾಸ್ತಾನಿನಿಂದ 15 ನಿಮಿಷದಲ್ಲಿ ಆಗುವ ಒಂದು ಬದಲಿ ತಿನಿಸನ್ನು ಸದಾ ಸಿದ್ಧವಿಡಬೇಕು. ತಡವಾಗಿ ಬಂದವರು ಹಸಿದು ಹೋಗಬಾರದು. ಹಾಳೆಯಲ್ಲಿ ಪ್ರತಿ ಪದಾರ್ಥ ಮುಗಿದ ಸಮಯವನ್ನೂ ಬರೆಯಿಸಿ. ತಿಂಗಳಾದರೂ ಒಮ್ಮೆಯೂ ಮುಗಿಯದ ಪದಾರ್ಥ ಇದ್ದರೆ ಅದನ್ನು ಖಂಡಿತ ಹೆಚ್ಚಿಗೆ ಮಾಡುತ್ತಿದ್ದೀರಿ.

ಮೂರನೆಯ ಹೆಜ್ಜೆ: ಸೌಟು, ತಟ್ಟೆ, ಟ್ರೇ

ಎಂಜಲನ್ನು ಕಡಿಮೆ ಮಾಡಲು ಉಪದೇಶಕ್ಕಿಂತ ಪಾತ್ರೆ ಬದಲಿಸುವುದು ಬೇಗ ಫಲಿಸುತ್ತದೆ. 150 ಮಿಲಿಲೀಟರ್ ಸೌಟಿನ ಬದಲು 100 ಮಿಲಿಲೀಟರ್ ಸೌಟು ಕೊಡಿ, ಎರಡನೆಯ ಸಲ ಕೇಳಿದವರಿಗೆ ಮುಖ ಗಂಟಿಕ್ಕದೆ ಬಡಿಸಿ. ಎರಡನೆಯ ಬಡಿಕೆಗೆ ಪ್ರತ್ಯೇಕ ಚಿಕ್ಕ ಕೌಂಟರ್ ಇರಲಿ. ಮತ್ತೆ ಉದ್ದ ಸಾಲಿನಲ್ಲಿ ನಿಲ್ಲಬೇಕು ಎಂದಾದರೆ ಜನ ಮೊದಲೇ ತಟ್ಟೆ ತುಂಬಿಸಿಕೊಳ್ಳುತ್ತಾರೆ, ಸೌಟು ಬದಲಿಸಿದ ಪ್ರಯೋಜನ ಅಲ್ಲಿಗೆ ಮುಗಿಯುತ್ತದೆ. ಹೊಸ ಪದಾರ್ಥವಿದ್ದ ದಿನ ಒಂದು ಚಮಚ ರುಚಿ ನೋಡಲು ಕೊಡಿ.

ತಾವೇ ಬಡಿಸಿಕೊಳ್ಳುವ ವ್ಯವಸ್ಥೆ ಇದ್ದರೆ ತಟ್ಟೆಯ ಗಾತ್ರ ನೋಡಿ. ನಾರ್ವೆಯ ಹೋಟೆಲುಗಳ ಬಫೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚಿಕ್ಕ ತಟ್ಟೆ ಇಟ್ಟದ್ದರಿಂದ ಆಹಾರದ ವ್ಯರ್ಥ ಸುಮಾರು ಶೇ. 20 ಇಳಿಯಿತು. "ಎಷ್ಟು ಸಲ ಬೇಕಾದರೂ ಬಂದು ಬಡಿಸಿಕೊಳ್ಳಿ" ಎಂಬ ಅರ್ಥದ ಫಲಕ ಇಟ್ಟ ಕಡೆಯೂ ಇಳಿಕೆ ಹೆಚ್ಚುಕಡಿಮೆ ಅಷ್ಟೇ. ಆ ಫಲಕದಲ್ಲಿ ಬೈಗುಳವಿರಲಿಲ್ಲ, ಅನುಮತಿ ಇತ್ತು. ನಿಮ್ಮ ಫಲಕವನ್ನೂ ಹಾಗೆಯೇ ಬರೆಯಿರಿ.

ಟ್ರೇ ತೆಗೆದರೆ ಒಂದೇ ಸಲಕ್ಕೆ ನಾಲ್ಕು ಬಟ್ಟಲು ಹೊತ್ತೊಯ್ಯುವುದು ನಿಲ್ಲುತ್ತದೆ, ಟ್ರೇ ತೊಳೆಯುವ ನೀರೂ ಉಳಿಯುತ್ತದೆ. ಆದರೆ ಊರುಗೋಲು ಹಿಡಿದವರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಟ್ರೇ ಬೇಕೇ ಬೇಕು. ಯಾರನ್ನೂ ಕೇಳದೆ ಎತ್ತಿಕೊಳ್ಳುವಂತೆ ಕೌಂಟರಿನ ಆರಂಭದಲ್ಲಿ ಒಂದಿಷ್ಟು ಟ್ರೇ ಇಡಿ.

ನಾಲ್ಕನೆಯ ಹೆಜ್ಜೆ: ಮೆನು

ತಲಾ ಗ್ರಾಂ ಇಳಿದ ಮೇಲೆ ತಟ್ಟೆಯಲ್ಲಿ ಏನಿದೆ ಎಂಬುದಕ್ಕೆ ಬನ್ನಿ. 2018ರಲ್ಲಿ ಪ್ರಕಟವಾದ, ಜಗತ್ತಿನ ಸುಮಾರು 38,700 ಹೊಲ-ತೋಟಗಳ ಮಾಹಿತಿ ಒಳಗೊಂಡ ವಿಶ್ಲೇಷಣೆಯ ಪ್ರಕಾರ, 100 ಗ್ರಾಂ ಪ್ರೋಟೀನಿಗೆ ಹೊಮ್ಮುವ ಹಸಿರುಮನೆ ಅನಿಲ ಮಾಂಸಕ್ಕಾಗಿ ಸಾಕಿದ ದನದ ಮಾಂಸದಲ್ಲಿ ಸರಾಸರಿ 50 ಕಿಲೋ, ಕುರಿ ಮಾಂಸದಲ್ಲಿ ಸುಮಾರು 20, ಕೋಳಿಯಲ್ಲಿ 5.7, ಮೊಟ್ಟೆಯಲ್ಲಿ 4.2, ಬಟಾಣಿಯಲ್ಲಿ 0.4. ಬಟಾಣಿಯನ್ನು ದೂರದಿಂದ ತರಿಸಿದರೂ ಈ ಅಂತರ ಮುಚ್ಚುವುದಿಲ್ಲ, ಯಾಕೆಂದರೆ ಬಹುತೇಕ ಆಹಾರದಲ್ಲಿ ಸಾಗಣೆಯ ಪಾಲು ಚಿಕ್ಕದು. ವಿಮಾನದಲ್ಲಿ ಬರುವ ಬೇಗ ಹಾಳಾಗುವ ಹಣ್ಣು-ತರಕಾರಿ ಮಾತ್ರ ಇದಕ್ಕೆ ಹೊರತು. ಅವನ್ನು ಪಟ್ಟಿಯಿಂದ ಕೈಬಿಡಿ.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕೇಟರಿಂಗ್ ವಿಭಾಗ 2016ರಲ್ಲಿ ದನ ಮತ್ತು ಕುರಿ ಮಾಂಸವನ್ನು ಮೆನುವಿನಿಂದ ತೆಗೆಯಿತು. ಖರೀದಿಸಿದ ಪ್ರತಿ ಕಿಲೋ ಆಹಾರದ ಇಂಗಾಲ ಹೊಮ್ಮುವಿಕೆ ಶೇ. 33 ಇಳಿಯಿತೆಂದು 2019ರಲ್ಲಿ ವಿಶ್ವವಿದ್ಯಾಲಯ ವರದಿ ಮಾಡಿತು. ಪೂರ್ತಿ ತೆಗೆಯುವುದು ಎಲ್ಲ ಕಡೆ ಆಗಲಿಕ್ಕಿಲ್ಲ. ಆಗ ಆಯ್ಕೆಗಳ ಪ್ರಮಾಣ ಬದಲಿಸಿ. ಅದೇ ವಿಶ್ವವಿದ್ಯಾಲಯದ ಕಾಲೇಜು ಕೆಫೆಟೇರಿಯಾಗಳ ಅಧ್ಯಯನದಲ್ಲಿ, ನಾಲ್ಕರಲ್ಲಿ ಒಂದಿದ್ದ ಸಸ್ಯಾಹಾರಿ ಊಟವನ್ನು ನಾಲ್ಕರಲ್ಲಿ ಎರಡು ಮಾಡಿದಾಗ ಅದರ ಮಾರಾಟ ಶೇ. 40ರಿಂದ 80ರಷ್ಟು ಏರಿತು. ಯಾರಿಗೂ ಏನನ್ನೂ ನಿಷೇಧಿಸಿರಲಿಲ್ಲ.

ಹೆಸರಿನಲ್ಲೂ ಶಕ್ತಿಯಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಫೆಟೇರಿಯಾದಲ್ಲಿ ಒಂದೇ ತರಕಾರಿಯನ್ನು ಬಾಯಲ್ಲಿ ನೀರೂರಿಸುವ ಹೆಸರಿನಲ್ಲಿ ಇಟ್ಟಾಗ, ಬರೀ ತರಕಾರಿಯ ಹೆಸರು ಬರೆದ ದಿನಕ್ಕಿಂತ ಶೇ. 25 ಹೆಚ್ಚು ಜನ ಆರಿಸಿದರು. "ಕೊಬ್ಬು ಕಡಿಮೆ" ಎಂಬ ಧಾಟಿಯ ಹೆಸರಿನ ದಿನಕ್ಕಿಂತ ಶೇ. 41 ಹೆಚ್ಚು. ಫಲಕದ ಮೇಲೆ "ಆರೋಗ್ಯಕರ", "ಪರಿಸರಸ್ನೇಹಿ" ಎಂದು ಬರೆಯುವ ಬದಲು ಹುರಿದದ್ದು, ಘಮಘಮಿಸುವುದು, ಗರಿಗರಿಯಾದದ್ದು ಎಂದು ಬರೆಯಿರಿ. ಬರೆದದ್ದು ನಿಜವೂ ಆಗಿರಬೇಕು. ಹಬೆಯಲ್ಲಿ ಬೆಂದು ಮೆತ್ತಗಾದ ತರಕಾರಿಯನ್ನು ಗರಿಗರಿ ಎಂದರೆ ಮರುದಿನ ಯಾರೂ ನಂಬುವುದಿಲ್ಲ. ಸಸ್ಯಾಹಾರಿ ಪದಾರ್ಥ ಸಾಲಿನಲ್ಲಿ ಮೊದಲು ಸಿಗಲಿ, ಒಂದು ಊಟದಲ್ಲಿ 20 ಗ್ರಾಂ ಪ್ರೋಟೀನಾದರೂ ಇರಲಿ. ಬರೀ ತರಕಾರಿ ಹಾಕಿ ಮಾಂಸದ ಪದಾರ್ಥದ ಜಾಗದಲ್ಲಿ ಇಟ್ಟರೆ ಎರಡೇ ಗಂಟೆಯಲ್ಲಿ ಹಸಿವಾಗುತ್ತದೆ, ಜನ ತಿರುಗಿ ಬರುವುದಿಲ್ಲ.

ಕಾಳುಗಳ ಬಳಕೆ ಹೆಚ್ಚಿದಾಗ ಒಂದು ಎಚ್ಚರಿಕೆ. ಒಣ ರಾಜ್ಮಾವನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತನೆ 30 ನಿಮಿಷ ಕುದಿಸಲೇಬೇಕು. ಸಣ್ಣ ಉರಿಯಲ್ಲಿ, ಕುದಿ ಬಾರದೆ ಮೆತ್ತಗಾದ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷವಸ್ತು ಉಳಿದು ವಾಂತಿ-ಭೇದಿಗೆ ಕಾರಣವಾಗುತ್ತದೆ. ದೊಡ್ಡ ಕೊಪ್ಪರಿಗೆಯಲ್ಲಿ ಅಂಚು ಕುದಿಯುತ್ತಿದ್ದರೂ ನಡು ಕುದಿಯದೆ ಇರುವುದುಂಟು, ಕೆದಕುತ್ತಿರಿ.

ಐದನೆಯ ಹೆಜ್ಜೆ: ಗುತ್ತಿಗೆ ಪತ್ರ

ಅಡುಗೆ ಹೊರಗುತ್ತಿಗೆಯಲ್ಲಿದ್ದರೆ ಇದು ಎಲ್ಲಕ್ಕಿಂತ ಮುಖ್ಯ, ಆದರೂ ಹೆಚ್ಚಾಗಿ ಮರೆತುಹೋಗುತ್ತದೆ. ಖರ್ಚಾದ ಸಾಮಾನಿಗೆ ತಕ್ಕಂತೆ ಹಣ ಪಡೆಯುವ ಗುತ್ತಿಗೆದಾರರಿಗೆ ಉಳಿಸುವುದರಿಂದ ನಷ್ಟ. ಉಂಡ ತಟ್ಟೆಯ ಲೆಕ್ಕದಲ್ಲಿ ಹಣ ಕೊಡುವಂತೆ ಬದಲಿಸಿ, ಉಳಿತಾಯದಲ್ಲಿ ಅಡುಗೆ ಸಿಬ್ಬಂದಿಗೂ ಪಾಲು ಬರೆಯಿಸಿ. ಆದರೆ ತಟ್ಟೆ ಲೆಕ್ಕ ಮಾತ್ರ ಇದ್ದರೆ ಗುಣಮಟ್ಟ ಕುಸಿಯುವ ಅಪಾಯವಿದೆ. ಆದ್ದರಿಂದ ಪಾಲಿನ ಕನಿಷ್ಠ ತೂಕವನ್ನೂ ಪತ್ರದಲ್ಲಿ ಸೇರಿಸಿ. ಖರೀದಿಯ ವಿವರವನ್ನು ಪ್ರತಿ ತಿಂಗಳು ಪದಾರ್ಥವಾರು ಕಿಲೋದಲ್ಲಿ ಕೊಡಬೇಕು, ಆಕಾರ ಸೊಟ್ಟಗಿರುವ ತರಕಾರಿಯನ್ನು ನಿರಾಕರಿಸಬಾರದು, ತರಕಾರಿ ಮರುಬಳಕೆಯ ಕ್ರೇಟಿನಲ್ಲಿ ಬರಬೇಕು ಎಂಬ ಷರತ್ತುಗಳೂ ಇರಲಿ.

ಆರನೆಯ ಹೆಜ್ಜೆ: ಉರಿ, ಶೀತ, ನೀರು

ಕೊಪ್ಪರಿಗೆಗೆ ಮುಚ್ಚಳ ಹಾಕಿ. ಒಲೆಗಳನ್ನು ಪಾಳಿ ಶುರುವಾದ ಕೂಡಲೇ ಹಚ್ಚದೆ, ಯಾವ ಒಲೆ ಎಷ್ಟು ಹೊತ್ತಿಗೆ ಎಂಬ ಪಟ್ಟಿ ಪ್ರಕಾರ ಹಚ್ಚಿ. ಒಲೆ ಬದಲಿಸುವ ಸಮಯ ಬಂದರೆ ಇಂಡಕ್ಷನ್ ನೋಡಿ: ಅದರಲ್ಲಿ ಶಕ್ತಿಯ ಶೇ. 85ರ ಆಸುಪಾಸು ಪಾತ್ರೆಗೆ ಹೋಗುತ್ತದೆ, ತೆರೆದ ಗ್ಯಾಸ್ ಉರಿಯಲ್ಲಿ ಅರ್ಧಕ್ಕಿಂತ ಕಡಿಮೆ. ಫ್ರಿಜ್ಜಿನ ಬಾಗಿಲ ರಬ್ಬರಿನ ನಡುವೆ ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಬದಲಿಸಿ. ಹಿಂಬದಿಯ ಕಂಡೆನ್ಸರ್ ಸುರುಳಿಯ ದೂಳನ್ನು ತಿಂಗಳಿಗೊಮ್ಮೆ ತೆಗೆಸಿ. ಪಾತ್ರೆ ತೊಳೆಯುವ ಮುನ್ನ ನೀರು ಚಿಮ್ಮಿಸುವ ಹಳೆಯ ಸ್ಪ್ರೇ ನಳಿಕೆ ನಿಮಿಷಕ್ಕೆ 10 ಲೀಟರ್ ದಾಟುತ್ತದೆ, ಹೊಸದು 5 ಲೀಟರ್ ಒಳಗೆ. ಒಂದು ನಿಮಿಷ ಬಕೆಟ್ಟಿಗೆ ಹಿಡಿದು ಅಳೆದರೆ ಯಾವುದಿದೆ ಎಂದು ಗೊತ್ತಾಗುತ್ತದೆ.

ಏಳನೆಯ ಹೆಜ್ಜೆ: ಮಿಕ್ಕಿದ್ದನ್ನು ಸುರಕ್ಷಿತವಾಗಿ ಉಳಿಸುವುದು

ಎಷ್ಟು ಲೆಕ್ಕ ಹಾಕಿದರೂ ಸ್ವಲ್ಪ ಮಿಕ್ಕೇ ಮಿಕ್ಕುತ್ತದೆ. ಹಾಲ್‌ಗೆ ಹೋಗದೆ ಒಳಗೇ ಉಳಿದದ್ದು, ಸತತವಾಗಿ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದದ್ದು ಮಾತ್ರ ಮರುಬಳಕೆಗೆ ಅಥವಾ ದಾನಕ್ಕೆ ಯೋಗ್ಯ. ಜನ ತಾವೇ ಬಡಿಸಿಕೊಂಡ ಪಾತ್ರೆಯದ್ದು ಬೇಡ.

ತಣಿಸುವುದರಲ್ಲೇ ಹೆಚ್ಚಿನ ತಪ್ಪು ಆಗುತ್ತದೆ. 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮುಂದಿನ ನಾಲ್ಕು ಗಂಟೆಯೊಳಗೆ ಇಳಿಯಬೇಕು. ಆಳವಾದ ಪಾತ್ರೆಯನ್ನು ಹಾಗೇ ಶೀತಲ ಕೋಣೆಗೆ ತಳ್ಳಿದರೆ ಮೇಲ್ಭಾಗ ತಣ್ಣಗಾದರೂ ನಡುಭಾಗ ರಾತ್ರಿಯಿಡೀ ಬೆಚ್ಚಗೇ ಇರುತ್ತದೆ. 5 ಸೆಂಟಿಮೀಟರ್ ಆಳದ ಅಗಲ ತಟ್ಟೆಗಳಿಗೆ ಹರಡಿ, ಆಮೇಲೆ ಒಳಗಿಡಿ. ಅನ್ನಕ್ಕೆ ವಿಶೇಷ ಜಾಗ್ರತೆ ಬೇಕು. ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾ ಹುಟ್ಟಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಪದಾರ್ಥಗಳನ್ನು ಮರುಬಿಸಿ ಮಾಡುವಾಗ ನಡುಭಾಗ 74 ಡಿಗ್ರಿ ಮುಟ್ಟಬೇಕು, ಅದೂ ಒಂದೇ ಸಲ. ದಾನ ಕೊಡುವಾಗ ಪದಾರ್ಥದ ಹೆಸರು, ಬೇಯಿಸಿದ ಹೊತ್ತು, ಅಲರ್ಜಿ ತರುವ ಸಾಮಾನು ಇಷ್ಟನ್ನೂ ಚೀಟಿಯಲ್ಲಿ ಬರೆಯಿರಿ.

ಎಂಟನೆಯ ಹೆಜ್ಜೆ: ಗೊಬ್ಬರ ಅಥವಾ ಗ್ಯಾಸ್

ಕಾಂಪೋಸ್ಟ್ ಘಟಕದ ಗಾತ್ರವನ್ನು ಈಗ ನಿರ್ಧರಿಸಿ, ಮೊದಲೇ ಅಲ್ಲ. ವ್ಯರ್ಥ ಇಳಿದ ಮೇಲೆ ಬೇಕಾಗುವ ಘಟಕ ಚಿಕ್ಕದು. ಮೊದಲೇ ದೊಡ್ಡದು ಕಟ್ಟಿಸಿದರೆ ಅದನ್ನು ತುಂಬಿಸುವ ಒತ್ತಡವೇ ಹುಟ್ಟುತ್ತದೆ.

ಒಂದು ಬಕೆಟ್ ಹಸಿಕಸಕ್ಕೆ ಎರಡು ಬಕೆಟ್ ಒಣ ಎಲೆ. ಇಂಗಾಲ ಮತ್ತು ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇರಬೇಕು, ಈ ಅಳತೆ ಅದರ ಹತ್ತಿರ ತರುತ್ತದೆ. ರಾಶಿ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದು ಮೀಟರಾದರೂ ಇರಲಿ, ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ಒಳಗಿನ ತಾಪ 55 ಡಿಗ್ರಿ ದಾಟಿ ಸತತ ಮೂರು ದಿನವಾದರೂ ನಿಲ್ಲಬೇಕು, ಆಮೇಲೆ ಹೊರಭಾಗ ಒಳಗೆ ಹೋಗುವಂತೆ ಮಗುಚಿ, ಮತ್ತೆ ಕಾವು ಬರಲು ಬಿಡಿ. ರೋಗಾಣುಗಳು ಸಾಯುವುದು ಈ ಕಾವಿನಲ್ಲೇ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಒಣ ಎಲೆ ಸಾಲದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ನೀರು ಹೆಚ್ಚು. ವಾಸನೆಯೂ ಇಲ್ಲ, ಕಾವೂ ಇಲ್ಲ ಎಂದರೆ ಒಣಗಿದೆ. ಒಣ ಎಲೆಯನ್ನು ಉದುರುವ ಕಾಲದಲ್ಲೇ ವರ್ಷಕ್ಕಾಗುವಷ್ಟು ಕೂಡಿಡಿ. ಎಷ್ಟೋ ಘಟಕಗಳು ನಾರಿ, ದೂರು ಬಂದು ಮುಚ್ಚುವುದು ಎಲೆ ಮುಗಿದ ಮೇಲೆಯೇ.

ಜೈವಿಕ ಅನಿಲ ಘಟಕ ಚೆನ್ನಾಗಿ ನಡೆದರೆ ಒಂದು ಟನ್ ಹಸಿಕಸದಿಂದ 100 ಘನ ಮೀಟರಿನ ಆಸುಪಾಸು ಅನಿಲ ಬರುತ್ತದೆ. ಒಂದು ಘನ ಮೀಟರ್ ಸುಮಾರು 0.45 ಕಿಲೋ ಎಲ್‌ಪಿಜಿಗೆ ಸಮ. ಇದಕ್ಕೆ ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದ ಕಸ ಬೇಕು. ಸಮಾರಂಭದ ಮರುದಿನ ಎರಡು ಪಟ್ಟು ಸುರಿದರೆ ಒಳಗೆ ಆಮ್ಲ ಹೆಚ್ಚಿ ಮೀಥೇನ್ ಉಂಟುಮಾಡುವ ಸೂಕ್ಷ್ಮಜೀವಿಗಳು ಸೋಲುತ್ತವೆ, ಅನಿಲ ನಿಲ್ಲುತ್ತದೆ. ಆಮ್ಲೀಯತೆಯ ಅಳತೆಯಾದ ಪಿಎಚ್ 6.8ಕ್ಕಿಂತ ಇಳಿದ ದಿನ ಕಸ ಹಾಕುವುದನ್ನು ನಿಲ್ಲಿಸಿ. ನಿಂಬೆ, ಕಿತ್ತಳೆ ಸಿಪ್ಪೆ ರಾಶಿಯಾಗಿ ಬೇಡ. ಕ್ಯಾಂಪಸ್ಸಿಗೆ ಎರಡು-ಮೂರು ತಿಂಗಳ ರಜೆ ಇದ್ದರೆ ಘಟಕಕ್ಕೆ ಆಗ ಏನು ಹಾಕುತ್ತೀರಿ ಎಂದು ಕಟ್ಟಿಸುವ ಮೊದಲೇ ಉತ್ತರ ಇಟ್ಟುಕೊಳ್ಳಿ. ಉತ್ತರ ಇಲ್ಲದಿದ್ದರೆ ಕಾಂಪೋಸ್ಟೇ ಮೇಲು.

ಲೋಟ ಮತ್ತು ಡಬ್ಬಿ

ಒಳಗೆ ಕೂತು ಉಣ್ಣುವವರಿಗೆ ಸ್ಟೀಲ್ ತಟ್ಟೆ-ಲೋಟ. ಕಟ್ಟಿಸಿಕೊಂಡು ಹೋಗುವವರಿಗೆ ಠೇವಣಿ ಇಟ್ಟು ಮರಳಿಸುವ ಡಬ್ಬಿ. ಸ್ವಂತ ಲೋಟ ತಂದವರಿಗೆ ರಿಯಾಯಿತಿ ಕೊಡುವುದಕ್ಕಿಂತ ಬಿಸಾಡುವ ಲೋಟಕ್ಕೆ ಪ್ರತ್ಯೇಕ ಬೆಲೆ ಹಾಕುವುದು ಫಲ ಕೊಡುತ್ತದೆ. ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರಯೋಗದಲ್ಲಿ ಬೆಲೆ ಹಾಕಿದ ಕಡೆ ಸ್ವಂತ ಲೋಟದ ಬಳಕೆ ಏರಿತು, ರಿಯಾಯಿತಿಯಿಂದ ಏರಲಿಲ್ಲ. ಪಿಎಲ್‌ಎ ಎಂಬ "ಗೊಬ್ಬರವಾಗುವ" ಪ್ಲಾಸ್ಟಿಕ್ಕಿಗೆ ಸುಮಾರು 60 ಡಿಗ್ರಿಯ ಕಾವು ವಾರಗಟ್ಟಲೆ ಬೇಕು, ಅಂಥ ಕೈಗಾರಿಕಾ ಘಟಕ ಹತ್ತಿರವಿಲ್ಲದಿದ್ದರೆ ಕೊಳ್ಳಬೇಡಿ.

ಮತ್ತೆ ತೂಗುವುದು

ಪ್ರತಿ ಶೈಕ್ಷಣಿಕ ಅವಧಿಯಲ್ಲೂ ಅದೇ ಎರಡು ವಾರ, ಅದೇ ನಾಲ್ಕು ಡ್ರಮ್, ಅದೇ ಲೆಕ್ಕ. ನಾಲ್ಕು ತಲಾ ಗ್ರಾಂ ಸಂಖ್ಯೆಗಳನ್ನು ಊಟದ ಹಾಲ್‌ನ ಬಾಗಿಲಲ್ಲಿ ಹಾಕಿ. ಬರೀ ಎಂಜಲಿನ ಅಂಕಿ ಹಾಕಿದರೆ ತಪ್ಪೆಲ್ಲ ವಿದ್ಯಾರ್ಥಿಗಳದ್ದೇ ಎಂದಂತಾಗುತ್ತದೆ. ಅಡುಗೆಮನೆಯ ಮೂರು ಅಂಕಿಯೂ ಜೊತೆಗಿದ್ದರೆ ಇಬ್ಬರೂ ಒಪ್ಪುತ್ತಾರೆ. ಮುಖ್ಯ ಅಡುಗೆಯವರು ಅಥವಾ ಗುತ್ತಿಗೆದಾರರು ಬದಲಾಗುವಾಗ ಹಾಜರಿಯ ಹಾಳೆ, ಪ್ರತಿ ಪಾಲಿನ ತೂಕದ ಪಟ್ಟಿ ಮತ್ತು ಸೌಟುಗಳನ್ನು ಸಹಿ ಹಾಕಿಸಿ ಹಸ್ತಾಂತರಿಸಿ.